ತಾಯಿಮನೆಯ ಖಾಲಿ ಜಾಗ

ಮದುವೆ ಮುರಿಯಲು ಇಂಥದೇ ಕಾರಣ ಬೇಕೆಂದೇನೂ ಇಲ್ಲ. ಜಾತಕಕ್ಕೆ ಮುರಿದದ್ದುಂಟು, ಚಿನ್ನಕ್ಕೆ ಮುರಿದದ್ದುಂಟು, ಹುಡುಗಿ ನೋಡಲು ಬಂದವರಿಗೆ ಕೊಟ್ಟ ಚಹಾ ತಣ್ಣಗಿತ್ತೆಂದು ಮುರಿದದ್ದೂ ಉಂಟು. ಆದರೆ ಕಂಪ್ಯೂಟರಿನೊಳಗಿನ ನಾಲ್ಕು ಸಾಲು ಬರಹದಿಂದ ಒಂದು ಮದುವೆ ಮುರಿಯಬಹುದೆಂದು ಎರಡು ಸಾವಿರದ ಒಂಬತ್ತರ ಏಪ್ರಿಲ್ ತಿಂಗಳ ತನಕ ಜಸ್ನಾಳಿಗೂ ಗೊತ್ತಿರಲಿಲ್ಲ. ಆ ನಾಲ್ಕು ಸಾಲು ಬರೆದವಳು ಅವಳೇ.

ಜಸ್ನಾ ಬಂಟ್ವಾಳದ ಹುಡುಗಿ. ಉಜಿರೆಯಲ್ಲಿ ಹಾಸ್ಟೆಲಿನಲ್ಲಿದ್ದು ಕಂಪ್ಯೂಟರ್ ಡಿಗ್ರಿ ಮುಗಿಸಿ, ದಿನಾ ಬೆಳಿಗ್ಗೆ ಎಂಟರ ಬಸ್ಸಿಗೆ ಸಿದ್ದಕಟ್ಟೆ ದಾರಿಯಾಗಿ ಮೂಡುಬಿದಿರೆಗೆ ಬರುತ್ತಿದ್ದಳು. ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ಶಾಫಿಯ ಆಫೀಸು. ಆಫೀಸೆಂದರೆ ಮೂರು ಕಂಪ್ಯೂಟರು, ಒಂದು ಪ್ರಿಂಟರು, ಕರೆಂಟು ಹೋದಾಗ ಕುಂಯ್ ಎಂದು ಅಳುವ ಒಂದು ಯುಪಿಎಸ್. ಶಾಫಿ ದುಬೈಯಲ್ಲಿ ಆರು ವರ್ಷ ಇದ್ದು ಬಂದವನು, ಮಾತಿನಲ್ಲಿ ಮನೆ ಕಟ್ಟುವವನು. ವೆಬ್‌ಸೈಟ್ ಮಾಡಿಕೊಡುತ್ತೇವೆಂದು ಊರಿಗೆಲ್ಲ ಹೇಳಿಕೊಂಡು ಬರುವುದು ಅವನ ಕೆಲಸ, ಮಾಡಿಕೊಡುವುದು ಜಸ್ನಾಳ ಕೆಲಸ.

ಹಾಗೆ ಅವನು ಹೇಳಿಕೊಂಡು ಬಂದವರಲ್ಲಿ ಜಿನದತ್ತರು ಒಬ್ಬರು. ಅಲ್ಲಿನ ಜೈನ ಸಂಘವೊಂದರ ಕಾರ್ಯದರ್ಶಿ, ಅರುವತ್ತರ ಹತ್ತಿರದವರು, ಬಿಳಿ ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು. ಸಂಘದಲ್ಲಿ ಮದುವೆಗೆ ಬಂದ ಹುಡುಗ ಹುಡುಗಿಯರ ಅರ್ಜಿಗಳು ಒಂದು ತಗಡಿನ ಪೆಟ್ಟಿಗೆಯಲ್ಲಿ ತುಂಬಿಹೋಗಿದ್ದವು. ಅವನ್ನೆಲ್ಲ ಇಂಟರ್‌ನೆಟ್ಟಿಗೆ ಹಾಕಬೇಕೆಂದು ಪೆಟ್ಟಿಗೆಯನ್ನೇ ಹೊತ್ತುಕೊಂಡು ಮೆಟ್ಟಿಲು ಹತ್ತಿ ಬಂದರು.

ಜಸ್ನಾ ಆ ಸೈಟನ್ನು ಜಾಂಗೊ ಎಂಬ ಫ್ರೇಮ್‌ವರ್ಕಿನಲ್ಲಿ ಕಟ್ಟಿದಳು. ಅದರ ಕ್ರಮ ಸರಳ. ಬರೆದಿಟ್ಟ ದಾಖಲೆ ಒಂದು ಕಡೆ, ಜನ ನೋಡುವ ಪುಟ ಇನ್ನೊಂದು ಕಡೆ. ದಾಖಲೆಯಲ್ಲಿದ್ದದ್ದು ಪುಟಕ್ಕೆ ಬರುವ ದಾರಿಯಲ್ಲಿ ಅದನ್ನು ಒಪ್ಪ ಮಾಡಿ ಕಳಿಸುವ ಪುಟ್ಟ ಪುಟ್ಟ ಬರಹಗಳಿಗೆ ಫಿಲ್ಟರ್ ಎಂದು ಹೆಸರು. ಮೂಲ ದಾಖಲೆಯನ್ನು ಅವು ಮುಟ್ಟುವುದಿಲ್ಲ, ಕಾಣುವ ರೂಪವನ್ನು ಮಾತ್ರ ತಿದ್ದುತ್ತವೆ. ಕೆಲವು ಫಿಲ್ಟರ್‌ಗಳು ಫ್ರೇಮ್‌ವರ್ಕಿನ ಜೊತೆಗೇ ಬರುತ್ತವೆ. ಆದರೆ ಎಲ್ಲೋ ಕುಳಿತು ಅದನ್ನು ಬರೆದ ಪುಣ್ಯಾತ್ಮರಿಗೆ ಮೂಡುಬಿದಿರೆಯ ಸಂಘದ ಬೇಡಿಕೆಗಳು ಎಲ್ಲಿಂದ ಗೊತ್ತಾಗಬೇಕು? ಹುಡುಗಿಯರ ಫೋನ್ ನಂಬರಿನ ಕೊನೆಯ ಅಂಕಿಗಳನ್ನು ಮರೆಮಾಡಬೇಕು, ಹುಟ್ಟಿದ ತಾರೀಕು ಇದ್ದಲ್ಲಿ ವಯಸ್ಸು ಕಾಣಬೇಕು. ಇಂಥದ್ದನ್ನೆಲ್ಲ ನಾವೇ ಬರೆದುಕೊಳ್ಳಬೇಕು. ಜಸ್ನಾ ಬರೆದಳು.

"ಮತ್ತೆ ಮನೆ," ಎಂದಿದ್ದರು ಜಿನದತ್ತರು, ಮೇಜಿಗೆ ಬೆರಳು ಕುಟ್ಟಿ. "ಅದು ಮೇಲೆಯೇ ದೊಡ್ಡ ಅಕ್ಷರದಲ್ಲಿ ಬರಬೇಕು. ನಮ್ಮಲ್ಲಿ ಮಕ್ಕಳು ಅಪ್ಪನ ಮನೆಗೆ ಸೇರಿದವರಲ್ಲ, ತಾಯಿಯ ಮನೆಗೆ ಸೇರಿದವರು. ಹುಡುಗ ಹುಡುಗಿ ಇಬ್ಬರದ್ದೂ ಒಂದೇ ಮನೆ ಆದರೆ ಅಣ್ಣ ತಂಗಿ ಲೆಕ್ಕ. ಅಲ್ಲಿಗೆ ಮುಗೀತು, ಮದುವೆಯ ಮಾತೇ ಇಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತು ಸರ್," ಎಂದಳು ಜಸ್ನಾ. 'ಮನೆ' ಎಂಬ ಒಂದು ಫಿಲ್ಟರ್ ಬರೆದಳು. ಪುಟದ ನೆತ್ತಿಯಲ್ಲಿ ಪ್ರತಿಯೊಬ್ಬರ ಮನೆಯ ಹೆಸರು ದಪ್ಪ ಅಕ್ಷರದಲ್ಲಿ ಬಂತು. ಜಿನದತ್ತರು ಕನ್ನಡಕ ಏರಿಸಿ ನೋಡಿ, ಭೇಷ್ ಎಂದು ಹೋದರು.

ಜಸ್ನಾಳ ಉಜಿರೆಯ ಗೆಳತಿ ಗ್ರೀಷ್ಮಾ ಬೆಳ್ತಂಗಡಿಯ ಜೈನರ ಮನೆಯವಳು. ಹಾಸ್ಟೆಲಿನಲ್ಲಿ ಮೂರು ವರ್ಷ ಪಕ್ಕದ ಮಂಚ. ಅವಳ ವಿವರವನ್ನು ಸೈಟಿಗೆ ಹಾಕಿದವಳೂ ಜಸ್ನಾಳೇ. ಹಾಕಿ ತಿಂಗಳಾಗಿರಲಿಲ್ಲ, ಮೂಡುಬಿದಿರೆಯ ಆದೀಶ್ ಎಂಬ ಹುಡುಗನ ಕಡೆಯಿಂದ ಕೇಳಿಕೆ ಬಂತು. ಅವನು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ತಂದೆಯೊಡನೆ ಬೆಳ್ತಂಗಡಿಗೆ ಬಂದು ನೋಡಿದ, ಮಾತಾಡಿದ. ಗ್ರೀಷ್ಮಾ ಅದೇ ಸಂಜೆ ಜಸ್ನಾಳಿಗೆ ಫೋನ್ ಮಾಡಿ ಮುಕ್ಕಾಲು ಗಂಟೆ ಅವನ ವಿಷಯವೇ ಹೇಳಿದಳು. ಇವಳಿಗೆ ಬಸ್ಸು ತಪ್ಪಿದರೂ ಸಂತೋಷ ತಡೆಯಲಾಗಲಿಲ್ಲ. ತನ್ನ ಸೈಟಿನ ಮೊದಲ ಬೋಣಿ ತನ್ನ ಗೆಳತಿಯದೇ!

ಮುಂದಿನ ಭಾನುವಾರ ನಿಶ್ಚಿತಾರ್ಥ ಎಂದಾಯಿತು. ಆ ಭಾನುವಾರಕ್ಕೆ ಐದು ದಿನ ಇರುವಾಗ, ಮಂಗಳವಾರ ಬೆಳಿಗ್ಗೆ, ಗ್ರೀಷ್ಮಾಳ ಫೋನ್ ಬಂತು.

"ಜಸ್ನಾ, ನನ್ನ ಹೆಸರನ್ನು ಸೈಟಿನಿಂದ ತೆಗೆದುಬಿಡು."

"ಇಷ್ಟು ಬೇಗವಾ? ತಾಳಿ ಕಟ್ಟಲಿ ಮಾರಾಯ್ತಿ, ಆಮೇಲೆ ತೆಗೆಯುವ."

ಆ ಕಡೆ ಅಳು. ಗ್ರೀಷ್ಮಾ ಸುಮ್ಮನೆ ಅಳುವವಳಲ್ಲ, ಹಾಸ್ಟೆಲಿನಲ್ಲಿ ಜಾರಿ ಬಿದ್ದು ಕೈ ಮುರಿದಾಗಲೂ ವಾರ್ಡನ್ನಿಗೆ ಬೈದವಳು.

ಅವಳು ಬಿಕ್ಕುತ್ತ ಹೇಳಿದ್ದು ಇಷ್ಟು. ಹುಡುಗ ನೋಡಲು ಬಂದ ದಿನ ಅವಳ ಅಜ್ಜಿ, ಅಂದರೆ ಅಮ್ಮನ ಅಮ್ಮ ಯಶೋಧಾ, ಕಾರ್ಕಳದ ಮಗಳ ಮನೆಯಲ್ಲಿದ್ದರು. ನಿನ್ನೆ ಬಂದವರು "ಹುಡುಗನ ಮನೆ ಯಾವುದು?" ಎಂದು ಕೇಳಿದ್ದಾರೆ. ಹಿರಿಯರಿಲ್ಲದ ಕಡೆ ಅಂಥ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ, ಪ್ರಿಂಟಿನ ನೆತ್ತಿಯನ್ನೂ ಯಾರೂ ಸರಿಯಾಗಿ ನೋಡಿರಲಿಲ್ಲ. ಅಪ್ಪ ಸೈಟಿನಿಂದ ತೆಗೆದ ಪ್ರಿಂಟನ್ನು ಕೊಟ್ಟಿದ್ದಾರೆ. ಅಜ್ಜಿ ಓದಿದ್ದಾರೆ. ಹುಡುಗನ ಹೆಸರಿನ ಮೇಲೆ ದಪ್ಪ ಅಕ್ಷರದಲ್ಲಿ: ನೆಕ್ಕರೆ ಬೀಡು. ಗ್ರೀಷ್ಮಾಳ ಮನೆಯೂ ಅದೇ, ನೆಕ್ಕರೆ ಬೀಡು.

"ಅವನು ನನಗೆ ಅಣ್ಣ ಆಗಬೇಕಂತೆ ಜಸ್ನಾ," ಎಂದಳು ಗ್ರೀಷ್ಮಾ. "ನಾನು ಅವನ ಹತ್ತಿರ ಹಾಗೆಲ್ಲ ಮಾತಾಡಿದೆನಲ್ಲ. ನೆನೆಸಿದರೆ ಮೈಯೆಲ್ಲ ತಿಕ್ಕಿ ತೊಳೆಯಬೇಕು ಅಂತ ಆಗ್ತದೆ."

"ಅವರಿಗೆ ಎಂತ ಹೇಳಿದ್ರಿ?"

"ಕಾರಣ ಹೇಳ್ಲಿಕ್ಕೆ ಆಗ್ತದಾ? ಅಣ್ಣ ತಂಗಿಗೆ ಮದುವೆ ಮಾತಾಡಿದ್ರು ಅಂತ ಎರಡು ಊರೂ ನಗ್ತದೆ. ಜಾತಕ ಕೂಡಿ ಬರ್ಲಿಲ್ಲ ಅಂತ ಹೇಳಿ ಕಳಿಸಿದ್ರು ಅಜ್ಜಿ."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತದೆ ಗಾದೆ. ಇವರು ಒಂದೇ ಸುಳ್ಳಿನಲ್ಲಿ ಒಂದು ಮದುವೆ ಮುರಿದಿದ್ದರು. ಕಾರಣ ಬಾಯಿಬಿಟ್ಟು ಹೇಳಿದ್ದರೆ ಆ ಕಡೆಯವರು ಅಲ್ಲೇ "ಹೋಯ್, ಅದು ಹಾಗಲ್ಲ" ಎನ್ನುತ್ತಿದ್ದರು. ಆದರೆ ನಮ್ಮ ಕಡೆ ಬೇಡ ಎನ್ನುವುದಕ್ಕೂ ಮರ್ಯಾದೆಯ ಭಾಷೆ ಉಂಟು, ಆ ಭಾಷೆಯಲ್ಲಿ ನಿಜಕ್ಕೆ ಮಾತ್ರ ಜಾಗ ಇಲ್ಲ.

ಜಸ್ನಾ ಫೋನಿಟ್ಟು, ಗ್ರೀಷ್ಮಾಳ ವಿವರ ತೆಗೆಯಲೆಂದೇ ಸೈಟಿನ ಒಳಬಾಗಿಲು ತೆರೆದಳು. ತೆಗೆಯುವ ಮೊದಲು ಆದೀಶನ ದಾಖಲೆಯನ್ನು ಒಮ್ಮೆ ನೋಡೋಣ ಎನಿಸಿತು. ಅದು ಪುಟವಲ್ಲ, ಅರ್ಜಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಿಟ್ಟ ಮೂಲ. ತಂದೆ: ವೃಷಭರಾಜ. ತಂದೆಯ ಮನೆ: ನೆಕ್ಕರೆ ಬೀಡು. ತಾಯಿ: ಏನೂ ಇಲ್ಲ. ತಾಯಿಯ ಮನೆ: ಏನೂ ಇಲ್ಲ, ಖಾಲಿ.

ಹಾಗಾದರೆ ಪುಟದಲ್ಲಿ ದಪ್ಪ ಅಕ್ಷರ ಎಲ್ಲಿಂದ ಬಂತು?

ಅವಳು ತಾನು ಬರೆದ 'ಮನೆ' ಫಿಲ್ಟರನ್ನು ತೆರೆದಳು. ನಾಲ್ಕೇ ಸಾಲು. ತಾಯಿಯ ಮನೆ ಇದ್ದರೆ ಅದನ್ನು ತೋರಿಸು. ಇಲ್ಲದಿದ್ದರೆ ತಂದೆಯ ಮನೆಯನ್ನು ತೋರಿಸು.

ಇಲ್ಲದಿದ್ದರೆ ತಂದೆಯ ಮನೆ! ಬರೆಯುವಾಗ ಅವಳು ಎರಡನೇ ಸಲ ಯೋಚಿಸಿರಲೂ ಇಲ್ಲ. ಪುಟದ ನೆತ್ತಿಯಲ್ಲಿ ಜಾಗ ಖಾಲಿ ಬಿಟ್ಟರೆ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆಂದು ತುಂಬಿಸಿದ್ದಳು. ರೇಷನ್ ಕಾರ್ಡು, ಮಾರ್ಕ್ಸ್ ಕಾರ್ಡು, ಪಾಸ್‌ಪೋರ್ಟು, ಅವಳು ಹುಟ್ಟಿದಾಗಿನಿಂದ ಕಂಡ ಕಾಗದಗಳಲ್ಲೆಲ್ಲ ತಂದೆಯೇ ಮೊದಲು. ಒಂದು ಇಲ್ಲದಿದ್ದರೆ ಇನ್ನೊಂದು, ಅಷ್ಟೇ ಅಲ್ಲವೇ ಎಂದುಕೊಂಡಿದ್ದಳು. ತಾಯಿಯ ಮನೆಯೇ ಲೆಕ್ಕವಾದವರಲ್ಲಿ ತಂದೆಯ ಮನೆ ಬದಲಿಗೆ ನಿಲ್ಲುವುದೇ ಇಲ್ಲ ಎಂಬುದು ತಲೆಗೆ ಹೋಗಿರಲಿಲ್ಲ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದಳು.

ಆದರೆ ಮರುಕ್ಷಣವೇ ಇನ್ನೊಂದು ಹೊಳೆಯಿತು, ಹೊಳೆದದ್ದೇ ಕುರ್ಚಿಯಿಂದ ಎದ್ದು ನಿಂತಳು. ನೆಕ್ಕರೆ ಬೀಡು ಆದೀಶನ ಅಪ್ಪನದು. ಆದೀಶನದಲ್ಲ! ಅವನು ಗ್ರೀಷ್ಮಾಳಿಗೆ ಅಣ್ಣನಾಗಬೇಕೆಂದೇ ಇಲ್ಲ. "ಯಾ ಅಲ್ಲಾ," ಎಂದು ಎದೆಗೆ ಕೈಯಿಟ್ಟುಕೊಂಡಳು. ಶಾಫಿ ಪ್ರಿಂಟರಿನ ಹೊಟ್ಟೆಯಿಂದ ತಲೆ ಹೊರಗೆ ತೆಗೆದು ನೋಡಿದ.

ಎಲ್ಲವನ್ನೂ ಹೇಳಿದಾಗ ಶಾಫಿ ಬಾಗಿಲ ಕಡೆ ಒಮ್ಮೆ ನೋಡಿ ಸ್ವರ ತಗ್ಗಿಸಿದ. "ನೋಡು, ಆ ಜಾಗ ಖಾಲಿ ಬಿಟ್ಟದ್ದು ಯಾರು? ಸಂಘದವರು. ನೀನು ಸುಮ್ಮನೆ ಫಿಲ್ಟರ್ ಸರಿ ಮಾಡು. ಅವರ ಅರ್ಜಿಯಲ್ಲೇ ತಪ್ಪು ಇತ್ತು ಅಂತ ನಾನು ಹೇಳ್ತೇನೆ. ಒಳಗೆ ಎಂತ ಇತ್ತು ಅಂತ ನೋಡ್ಲಿಕ್ಕೆ ಯಾರು ಬರ್ತಾರೆ?"

"ಅದು ಸುಳ್ಳಲ್ವಾ ಶಾಫಿ ಕಾಕ?"

"ಅರ್ಧ ಸತ್ಯ. ಇನ್ನೂ ನಾಲ್ಕು ಸಂಘದವರು ಸೈಟ್ ಕೇಳ್ತಾ ಇದ್ದಾರೆ, ಗೊತ್ತುಂಟಲ್ಲ?"

ಜಸ್ನಾ ಮೊದಲು ಆ ದಾರಿಯನ್ನೇ ಹಿಡಿದಳು, ಅದನ್ನು ಮುಚ್ಚಿಡುವುದು ಬೇಡ. ಫಿಲ್ಟರನ್ನು ತಿದ್ದಿದಳು. ತಾಯಿಯ ಮನೆ ಇಲ್ಲದಿದ್ದರೆ ಇನ್ನು ಮುಂದೆ 'ತಾಯಿಯ ಮನೆ ತಿಳಿಸಿಲ್ಲ' ಎಂದೇ ಕಾಣುತ್ತದೆ. ಇಂಥ ಖಾಲಿ ಜಾಗ ಎಷ್ಟಿವೆಯೆಂದು ಹುಡುಕಿದಳು, ಇನ್ನೂರ ಹನ್ನೆರಡರಲ್ಲಿ ಒಂಬತ್ತು. ಬೇರೆ ಎಂಟರಲ್ಲಿ ಯಾವ ಸಂಬಂಧವೂ ಇನ್ನೂ ಕೂಡಿರಲಿಲ್ಲ, ಅಷ್ಟರಮಟ್ಟಿಗೆ ಪುಣ್ಯ. ಆಮೇಲೆ ಜಿನದತ್ತರಿಗೆ ಫೋನ್ ಮಾಡಿ, ಆದೀಶನ ತಾಯಿಯ ಮನೆ ಯಾವುದು ಸರ್ ಎಂದಷ್ಟೇ ಕೇಳಿದಳು.

"ಕೊಡಂಗೆ ಗುತ್ತು," ಎಂದರು ಜಿನದತ್ತರು. ಸ್ವರದಲ್ಲಿ ಜೀವ ಇರಲಿಲ್ಲ. "ಇನ್ನು ಅದೆಲ್ಲ ಯಾಕೆ? ಅವರು ಜಾತಕ ಆಗ್ಲಿಲ್ಲ ಅಂದ್ರಲ್ಲ."

ಜಸ್ನಾ ಅದನ್ನು ದಾಖಲೆಯಲ್ಲಿ ತುಂಬಿಸಿ, ಹೊಸ ಪುಟವನ್ನು ಪ್ರಿಂಟ್ ತೆಗೆದು ಅಜ್ಜಿಗೆ ತೋರಿಸುವಂತೆ ಗ್ರೀಷ್ಮಾಳಿಗೆ ಹೇಳಿದಳು. ಎಲ್ಲ ಸರಿಯಾಯಿತೆಂದು ಮಧ್ಯಾಹ್ನ ಉಮ್ಮ ಕಟ್ಟಿಕೊಟ್ಟ ಅಕ್ಕಿರೊಟ್ಟಿ ಪತ್ತಿರಿಯನ್ನು ನೆಮ್ಮದಿಯಿಂದ ತಿಂದಳು. ಮೂರು ಗಂಟೆಗೆ ಗ್ರೀಷ್ಮಾಳ ಫೋನ್. ಕೆಲಸ ಇನ್ನಷ್ಟು ಕೆಟ್ಟಿತ್ತು.

"ಅಜ್ಜಿ ಎರಡೂ ಪ್ರಿಂಟನ್ನು ಪಕ್ಕದಲ್ಲಿಟ್ಟು ಕೂತಿದ್ದಾರೆ. ನಿನ್ನೆ ನೆಕ್ಕರೆ ಬೀಡು, ಇವತ್ತು ಕೊಡಂಗೆ ಗುತ್ತು, ನಾಳೆ ಯಾವುದು ಅಂತ ಕೇಳ್ತಿದ್ದಾರೆ. ಮದುವೆ ಆಗ್ಲಿಕ್ಕೋಸ್ಕರ ಹುಟ್ಟಿದ ಮನೆಯನ್ನೇ ಬದಲಾಯಿಸುವವರು ಎಂಥ ಜನ ಅಂತ. ಮೊದಲು ಬೇಡ ಅಂತ ಇತ್ತು, ಈಗ ಕೋಪವೂ ಸೇರಿತು. ಬಿಡು ಜಸ್ನಾ. ನನ್ನ ಹಣೆಯಲ್ಲಿ ಬರೆದಿಲ್ಲ."

ಹಣೆಯಲ್ಲಿ ಬರೆದಿಲ್ಲವಂತೆ! ಹಣೆಯಲ್ಲಿ ಸರಿಯಾಗಿಯೇ ಬರೆದಿತ್ತು, ಅದನ್ನು ತಪ್ಪಾಗಿ ತೋರಿಸಿದವಳು ಇಲ್ಲಿ ಪತ್ತಿರಿ ತಿನ್ನುತ್ತಿದ್ದಳು. ಜಸ್ನಾಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಕಾಗದ ಮಾತಾಡುವುದಿಲ್ಲ. ಒಮ್ಮೆ ಸುಳ್ಳು ಹೇಳಿದ ಕಾಗದ ಎರಡನೇ ಸಲ ನಿಜ ಹೇಳಿದರೂ ನಂಬುವವರು ಯಾರು? ಬರೆದವಳು ಹೋಗಿ ಎದುರಿಗೆ ನಿಂತು ಹೇಳಬೇಕು.

"ನಾನು ಬೆಳ್ತಂಗಡಿಗೆ ಹೋಗ್ತೇನೆ," ಎಂದಳು.

ಶಾಫಿ ತಲೆ ಚಚ್ಚಿಕೊಂಡ. "ನಿನಗೆ ಹುಚ್ಚಾ? ಬ್ಯಾರಿಗಳ ಹುಡುಗಿ ಹೋಗಿ, ನಿಮ್ಮ ಮನೆತನದ ಲೆಕ್ಕ ತಪ್ಪಿಸಿದ್ದು ನಾನು ಅಂತ ಹೇಳ್ತಾಳಂತೆ. ಅವರು ಆರತಿ ಎತ್ತಿ ಕರೀತಾರೆ ಅಂತ ಮಾಡಿದ್ದೀಯಾ?"

"ಬೈದ್ರೆ ಬೈಲಿ. ಸೈಟ್ ಹೋದ್ರೆ ಹೋಗ್ಲಿ."

"ಸೈಟ್ ನಿನ್ನ ಬಾಪನದ್ದಾ?" ಎಂದ ಶಾಫಿ. ಎಂದವನೇ ತುಸು ಹೊತ್ತು ಅವಳ ಮುಖ ನೋಡಿ, "ಹೋಗು ಮಾರಾಯ್ತಿ, ಹೋಗು. ಆದರೆ ಕಾರ್ಯದರ್ಶಿಯವರಿಗೆ ಮೊದಲು ಹೇಳು. ಅವರು ಬೈದ ಮೇಲೂ ಧೈರ್ಯ ಉಳಿದರೆ ಮುಂದೆ ಹೋಗು," ಎಂದ.

ಜಿನದತ್ತರ ಮನೆಗೆ ಹತ್ತು ನಿಮಿಷದ ನಡಿಗೆ. ಅವರು ಜಗಲಿಯಲ್ಲಿ ಕುಳಿತು ಕೇಳಿದರು. ಫಿಲ್ಟರ್, ಖಾಲಿ ಜಾಗ, ತಂದೆಯ ಮನೆ, ಅಜ್ಜಿಯ ಪ್ರಿಂಟು, ಜಾತಕದ ಸುಳ್ಳು, ಒಂದನ್ನೂ ಬಿಡದೆ ಜಸ್ನಾ ಹೇಳಿದಳು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತಳು. ಬೈಗುಳ ಬರಲಿಲ್ಲ. ಜಿನದತ್ತರು ಎರಡೂ ಕೈಯಲ್ಲಿ ತಮ್ಮ ತಲೆಯನ್ನೇ ಹಿಡಿದುಕೊಂಡರು.

"ಆ ಅರ್ಜಿ ತುಂಬಿಸಿದ್ದು ನಾನೇ ಮಾರಾಯ್ತಿ. ಆದೀಶ್ ನನ್ನ ತಂಗಿ ಪ್ರೇಮಾವತಿಯ ಮಗ."

ಜಸ್ನಾ ಕಣ್ಣು ಕಣ್ಣು ಬಿಟ್ಟಳು.

"ಕಾರ್ಯದರ್ಶಿಯೇ ತನ್ನ ಅಳಿಯನಿಗೆ ಒಳ್ಳೆ ಹುಡುಗಿಯನ್ನು ಆರಿಸಿಕೊಂಡ ಅಂತ ಜನ ಆಡಬಾರದು ಅಂತ ಯಾರಿಗೂ ಹೇಳ್ಲಿಲ್ಲ. ಹುಡುಗಿ ನೋಡ್ಲಿಕ್ಕೂ ಹೋಗ್ಲಿಲ್ಲ. ಕೊಡಂಗೆ ಗುತ್ತು ಅಂತ ಬರೆದ್ರೆ ನನ್ನ ಮನೆ ಅಂತ ಗೊತ್ತಾಗ್ತದಲ್ಲ." ಅವರು ಜೇಬಿನ ಪೆನ್ನೊಂದನ್ನು ತೆಗೆದು ಮತ್ತೆ ಸಿಕ್ಕಿಸಿದರು. "ಅದೂ ಒಂದು. ಮತ್ತೆ, ಆ ಸಾಲಿಗೆ ಬಂದಾಗ ಕೈ ಓಡ್ಲಿಲ್ಲ. ಹುಡುಗನಿಗೆ ಏಳು ವರ್ಷ ಆಗುವಾಗ ಅವಳು ಹೋದದ್ದು. ಹೆಸರಿನ ಹಿಂದೆ ದಿವಂಗತ ಅಂತ ನಾನೇ ಬರೀಬೇಕಲ್ಲ. ಆಮೇಲೆ ಬರೆದ್ರಾಯ್ತು ಅಂತ ಬಿಟ್ಟೆ. ಬಿಟ್ಟದ್ದು ಬಿಟ್ಟೇ ಹೋಯ್ತು."

ಅವರು ಬಿಟ್ಟರು, ಇವಳು ತುಂಬಿಸಿದಳು. ಜಿನದತ್ತರು ಧಡಕ್ಕನೆ ಎದ್ದು, ಒಳಗೆ ಹೋಗಿ ಓಮ್ನಿಯ ಕೀ ತಂದರು. "ನಡಿ, ಹೋಗುವ. ಹೊತ್ತು ಮುಳುಗುವ ಮೊದಲು ಮುಟ್ಟಬೇಕು. ನಮ್ಮವರು ಬೆಳಕಿರುವಾಗಲೇ ಉಣ್ಣುವವರು, ಅಲ್ಲಿ ಊಟದ ಹೊತ್ತಾದ್ರೆ ಮಾತಿಗೆ ಯಾರೂ ಸಿಗುವುದಿಲ್ಲ."

ಜಸ್ನಾ ಮನೆಗೆ ಫೋನ್ ಮಾಡಿ ಉಮ್ಮನಿಗೆ ತಡವಾಗುತ್ತದೆಂದು ತಿಳಿಸಿದಳು. ವೇಣೂರು ದಾಟಿ ಗುರುವಾಯನಕೆರೆ ಬರುವ ತನಕ ಓಮ್ನಿಯಲ್ಲಿ ಒಂದೇ ಮಾತು. ಹಳೆಯ ಕಾಲದವರು ಕಂಪ್ಯೂಟರಿನ ಕಥೆಯನ್ನು ನಂಬುತ್ತಾರೆಯೇ? ಅಜ್ಜಿ ಒಪ್ಪದಿದ್ದರೆ ಗ್ರೀಷ್ಮಾ ಆ ಹುಡುಗನನ್ನು ಜೀವಮಾನವಿಡೀ ಅಣ್ಣನೆಂದೇ ನೆನೆದು ನಾಚಬೇಕು.

ಯಶೋಧಾ ಅಜ್ಜಿ ಚಾವಡಿಯಲ್ಲಿ ಮರದ ಬೆಂಚಿನ ಮೇಲೆ ನೆಟ್ಟಗೆ ಕುಳಿತಿದ್ದರು. ಬಿಳಿ ಸೀರೆ, ಸಪೂರ ದೇಹ, ಪಕ್ಕದಲ್ಲಿ ಎರಡು ಪ್ರಿಂಟು. ಗ್ರೀಷ್ಮಾ ಬಾಗಿಲ ಹಿಂದೆ ನಿಂತಿದ್ದಳು, ಕಣ್ಣು ಊದಿ ಕೆಂಪಾಗಿತ್ತು. ಅವಳ ಅಪ್ಪ ಅಮ್ಮ ಬಂದವರಿಗೆ ನೀರು ಬೆಲ್ಲ ಕೊಟ್ಟು ದೂರ ಸರಿದರು. ಮನೆಯಲ್ಲಿ ಯಾರ ಮಾತು ನಡೆಯುತ್ತದೆಂಬುದು ಅಷ್ಟರಲ್ಲೇ ತಿಳಿಯಿತು.

"ಅಜ್ಜಿ, ತಪ್ಪು ನನ್ನದು," ಎಂದು ಶುರುಮಾಡಿದಳು ಜಸ್ನಾ. "ಆ ಕಾಗದದಲ್ಲಿ ಮೇಲೆ ಕಾಣುವ ಹೆಸರನ್ನು ಆರಿಸಿ ತೋರಿಸುವ ಕೆಲಸ ನಾನು ಬರೆದದ್ದು. ತಾಯಿಯ ಮನೆ ಬರೆಯದೆ ಇದ್ದರೆ ತಂದೆಯ ಮನೆಯನ್ನು ತೋರಿಸು ಅಂತ ಬರೆದಿದ್ದೆ. ನಿಮ್ಮಲ್ಲಿ ಹಾಗೆ ಮಾಡಬಾರದು ಅಂತ ನನಗೆ ಹೊಳೆಯಲಿಲ್ಲ."

"ನೀನು ಯಾರ ಪೈಕಿ ಮಗಾ?"

"ಬಂಟ್ವಾಳದ ಸೈನಬನ ಮಗಳು. ಗ್ರೀಷ್ಮಾಳ ಜೊತೆ ಉಜಿರೆಯಲ್ಲಿ ಓದಿದ್ದು."

ಯಾರ ಮಗಳೆಂದು ಕೇಳಿದಾಗ ತಾಯಿಯ ಹೆಸರು ಹೇಳಿದವಳನ್ನು ಅಜ್ಜಿ ಒಮ್ಮೆ ಕೂಲಂಕಷವಾಗಿ ನೋಡಿದರು. "ಹಾಗಾದರೆ ಮೊದಲು ಬರೆದದ್ದನ್ನು ನೀವು ಈಗ ಅಳಿಸಿ ಬೇರೆ ಬರೆದಿರಿ."

"ಇಲ್ಲಜ್ಜಿ. ನೆಕ್ಕರೆ ಬೀಡು ಅಂತ ಹುಡುಗನ ಹೆಸರಿನಲ್ಲಿ ಯಾರೂ ಯಾವತ್ತೂ ಬರೆದಿಲ್ಲ. ಅದು ಅವನ ತಂದೆಯ ಮನೆ, ದಾಖಲೆಯಲ್ಲಿ ತಂದೆಯ ಜಾಗದಲ್ಲೇ ಸರಿಯಾಗಿ ಉಂಟು. ಪುಟಕ್ಕೆ ಬರುವಾಗ ನಾನು ಬರೆದದ್ದು ಅದನ್ನು ಎತ್ತಿ ತಪ್ಪು ಜಾಗದಲ್ಲಿ ಕೂರಿಸಿತು. ಒಳಗಿನದ್ದು ಕೆಡಲಿಲ್ಲ. ತೋರಿಸಿದ್ದು ಮಾತ್ರ ಕೆಟ್ಟದ್ದು." ಆದೀಶನ ಮೂಲ ಅರ್ಜಿಯನ್ನೂ ಅವಳು ತಗಡಿನ ಪೆಟ್ಟಿಗೆಯಿಂದ ತೆಗೆಸಿ ತಂದಿದ್ದಳು. ಜಿನದತ್ತರ ಕೈಬರಹ, ನೀಲಿ ಶಾಯಿ. ತಾಯಿಯ ಸಾಲಿನಲ್ಲಿ ಚುಕ್ಕಿಗಳು ಮಾತ್ರ.

ಅಜ್ಜಿ ಅರ್ಜಿಯನ್ನು ಬೆಳಕಿಗೆ ಹಿಡಿದು ಓದಿದರು. ಹಿಂದೆ ಮುಂದೆ ತಿರುಗಿಸಿ, ಅಳಿಸಿದ ಗುರುತು ಉಂಟೇ ಎಂದು ಉಗುರಿನಿಂದ ಕೆರೆದೂ ನೋಡಿದರು. ಆಮೇಲೆ ಜಿನದತ್ತರ ಕಡೆ ತಿರುಗಿದರು. "ಈ ಜಾಗ ಯಾಕೆ ಖಾಲಿ?"

ಜಿನದತ್ತರು ಜಸ್ನಾಳಿಗೆ ಹೇಳಿದ್ದನ್ನೇ ಹೇಳಿದರು. ಅಜ್ಜಿ ಅವರನ್ನು ಮುಗಿಸಲು ಬಿಟ್ಟು, ಸ್ವಲ್ಪ ಮೆತ್ತಗಾಗಿ, "ಹೋದವರ ಹೆಸರು ಬರೆದರೆ ಅವರು ಇನ್ನೊಮ್ಮೆ ಹೋಗುವುದಿಲ್ಲ," ಎಂದರು. ಮತ್ತೆ ಅರ್ಜಿಗೆ ಕಣ್ಣು ಹಾಕಿದರು. "ಈ ವೃಷಭರಾಜ ನೆಕ್ಕರೆಯಲ್ಲಿ ಯಾರ ಮಗ? ಪಾಲಾಗಿ ಹೋದ ಮೇಲೆ ನಮಗೆ ಯಾರ ಗುರುತೂ ಇಲ್ಲ."

"ಅವರ ತಾಯಿ ಕಾಂತಿ ಅಂತ," ಎಂದರು ಜಿನದತ್ತರು. "ತೀರಿಕೊಂಡು ತುಂಬ ವರ್ಷ ಆಯ್ತು."

ಅಜ್ಜಿಯ ಕೈಯಲ್ಲಿದ್ದ ಕಾಗದ ತೊಡೆಗೆ ಇಳಿಯಿತು.

"ಕಾಂತಿ ಅಕ್ಕನ ಮಗನಾ? ಎಡಗೆನ್ನೆಯಲ್ಲಿ ಮಚ್ಚೆ ಇದ್ದ ಕಾಂತಿ ಅಕ್ಕ?"

"ಹೌದು, ಮಚ್ಚೆ ಇತ್ತು."

"ಅಯ್ಯೋ ದೇವರೇ! ನನಗೆ ಎರಡು ಜಡೆ ಹಾಕ್ಲಿಕ್ಕೆ ಕಲಿಸಿದವಳು ಅವಳು." ಅಜ್ಜಿ ಬೆರಳು ಮಡಚತೊಡಗಿದರು. ಚಾವಡಿಯಲ್ಲಿ ಎಲ್ಲರೂ ಆ ಬೆರಳುಗಳನ್ನೇ ನೋಡಿದರು. "ಕಾಂತಿ ಅಕ್ಕ ಮನೆಯ ಲೆಕ್ಕದಲ್ಲಿ ನನಗೆ ಅಕ್ಕ. ಅವಳ ಮಗ ವೃಷಭರಾಜ, ನನ್ನ ಮಗಳಿಗೆ ಅಣ್ಣ. ಹಾಗಾದರೆ ಅವನ ಮಗ..." ಬೆರಳು ನಿಂತಿತು. "ಅವನ ಮಗ ಗ್ರೀಷ್ಮಾಳಿಗೆ ಮಾವನ ಮಗನಲ್ಲವಾ!"

ಬಾಗಿಲ ಹಿಂದಿನಿಂದ ಗ್ರೀಷ್ಮಾಳ ಅಮ್ಮ "ಹಾಂ?" ಎಂದರು.

"ಹಾಂ ಅಲ್ಲ, ಹೂಂ. ಮಾವನ ಮಗ! ಕೇಳಿ ಕೊಡಬೇಕಾದ ಹುಡುಗ. ನಮ್ಮ ಕಾಲದಲ್ಲಿ ಇಂಥ ಸಂಬಂಧ ಇದ್ದರೆ ಹೊರಗೆ ಹುಡುಕುತ್ತಲೇ ಇರಲಿಲ್ಲ. ಮನೆಗೆ ತಾನಾಗಿ ಬಂದವನನ್ನು ನಾನು ಜಾತಕ ಅಂತ ಹೇಳಿ ಓಡಿಸಿದೆನಲ್ಲ!"

ಜಸ್ನಾ ಚಾವಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಬೆಳಗಿನಿಂದ ಎದೆಯ ಮೇಲೆ ಕುಳಿತಿದ್ದ ಕಲ್ಲನ್ನು ಯಾರೋ ಎತ್ತಿದಂತಿತ್ತು. ಉಸ್ಸಪ್ಪಾ ಎಂದು ಗಟ್ಟಿಯಾಗಿ ಉಸಿರು ಬಿಟ್ಟದ್ದು ಅವಳಿಗೇ ಕೇಳಿಸಿ ನಾಚಿಕೆಯಾಯಿತು. ಜಿನದತ್ತರು ಮಾತ್ರ ನಾಚಿಕೆ ಪಡಲಿಲ್ಲ, ಕನ್ನಡಕ ತೆಗೆದು ಪಂಚೆಯ ತುದಿಯಿಂದ ಕಣ್ಣು ಒರಸಿಕೊಳ್ಳುತ್ತ ನಗುತ್ತಿದ್ದರು.

"ಮಗಾ," ಎಂದರು ಅಜ್ಜಿ ಜಸ್ನಾಳಿಗೆ. "ನೀನು ಬಂದು ಹೇಳದೆ ಇದ್ದಿದ್ದರೆ ನಿನ್ನ ತಪ್ಪು ಅಂತ ನಮಗೆ ಗೊತ್ತಾಗ್ತಿತ್ತಾ?"

"ಇಲ್ಲ ಅಜ್ಜಿ."

"ನನಗೂ ಹಾಗೆಯೇ. ಜಾತಕದ ಸುಳ್ಳು ಹೇಳಿದ್ದು ನಾನು ಅಂತ ನಾನೇ ಹೇಳಬೇಕು. ಇನ್ಯಾರು ಹೇಳ್ತಾರೆ?" ಅವರು ಗ್ರೀಷ್ಮಾಳ ಅಪ್ಪನನ್ನು ಕರೆದು ವೃಷಭರಾಜನಿಗೆ ಫೋನ್ ಹಚ್ಚಲು ಹೇಳಿದರು. ಫೋನು ಕೈಗೆ ಬಂದಾಗ ಮರ್ಯಾದೆ ಉಳಿಸಿಕೊಳ್ಳುವ ಒಂದು ಮಾತೂ ಆಡಲಿಲ್ಲ. "ನಾನು ನೆಕ್ಕರೆಯ ಯಶೋಧಾ. ನಿನ್ನ ಅಮ್ಮನ ತಂಗಿ. ನಿನ್ನೆ ನಿನಗೆ ಸುಳ್ಳು ಹೇಳಿಸಿದೆ, ಇವತ್ತು ಕ್ಷಮೆ ಕೇ­ಳ್ತಾ ಇದ್ದೇನೆ," ಎಂದರು. ಆಮೇಲೆ ಮಾತು ಕಾಂತಿ ಅಕ್ಕನ ಕಡೆ ಹೊರಳಿತು, ಅಜ್ಜಿ ಒಮ್ಮೆ ನಕ್ಕರು, ಒಮ್ಮೆ ಸೆರಗಿನಿಂದ ಮೂಗು ಒರಸಿಕೊಂಡರು. ಭಾನುವಾರದ ನಿಶ್ಚಿತಾರ್ಥ ಭಾನುವಾರವೇ ಎಂದು ಮುಗಿಸಿದರು. ಮುಗಿಸಿದವರೇ ಎದ್ದು, ಹೊತ್ತು ಮುಳುಗುವ ಮೊದಲು ಎಲೆ ಹಾಕಿ, ಈ ಹುಡುಗಿ ಉಣ್ಣದೆ ಹೋಗಬಾರದು ಎಂದು ಒಳಗೆ ನಡೆದರು.

ಚಾವಡಿಯಲ್ಲಿ ಗೆಳತಿಯರಿಬ್ಬರೇ ಉಳಿದರು. ಗ್ರೀಷ್ಮಾ ಬಂದು ಜಸ್ನಾಳ ಪಕ್ಕ ಮೆಟ್ಟಿಲಲ್ಲಿ ಕುಳಿತು, ಅವಳ ಭುಜಕ್ಕೆ ಹಣೆಯೊತ್ತಿದಳು.

"ನಿನ್ನನ್ನು ಕೊಲ್ಲಬೇಕು," ಎಂದಳು.

"ಕೊಲ್ಲು. ಊಟ ಆದ ಮೇಲೆ."

ಗ್ರೀಷ್ಮಾ ನಕ್ಕಳು. ನಗು ಅರ್ಧದಲ್ಲಿ ನಿಂತಿತು. "ಅವನ ನಂಬರ್ ನಿನ್ನೆಯೇ ಅಳಿಸಿಬಿಟ್ಟೆ. ಅವನು ನಾಲ್ಕು ಸಲ ಫೋನ್ ಮಾಡಿದ್ದ, ನಾನು ಎತ್ತಲಿಲ್ಲ."

ಕೈ ತೊಳೆದು ಬರುತ್ತಿದ್ದ ಜಿನದತ್ತರಿಗೆ ಅದು ಕೇಳಿಸಿತು. ಅವರು ತಮ್ಮ ಮೊಬೈಲಿನಲ್ಲಿ ಆದೀಶನ ನಂಬರ್ ಒತ್ತಿ, ರಿಂಗಾಗುತ್ತಿರುವಾಗಲೇ ಅದನ್ನು ಗ್ರೀಷ್ಮಾಳ ಕೈಯಲ್ಲಿಟ್ಟು, ತೋಟ ನೋಡುವವರಂತೆ ಅಂಗಳಕ್ಕೆ ಇಳಿದರು.

"ಹಲೋ," ಎಂದಳು ಗ್ರೀಷ್ಮಾ. "ಮಾವ ಅಲ್ಲ, ನಾನು." ಆ ಕಡೆಯ ಮಾತನ್ನು ಕೇಳುತ್ತ ಕೇಳುತ್ತ ಅವಳ ಕಣ್ಣು ಮತ್ತೆ ತುಂಬಿ ಬಂತು. ಜಸ್ನಾ ಎದ್ದುಹೋಗಲು ನೋಡಿದರೆ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಇಲ್ಲ, ಇಲ್ಲ," ಎಂದಳು ಫೋನಿಗೆ. "ನೀವು ಆ ದಿನ ತಪ್ಪು ಎಂತದ್ದೂ ಮಾತಾಡಿಲ್ಲ."